ಸೇವಂತಿಗೆಗೆ ಕತ್ತಲೆ ಕಟ್ಟಿಕೊಟ್ಟದ್ದು

ತಾರಸಿಯ ಮೇಲೆ ಹೂ ಬೆಳೆದರೆ ದುಡ್ಡು ಉಳಿಯುತ್ತದೆ ಎನ್ನುವವರು ಕುಂಡ, ಗೊಬ್ಬರ, ನೀರಿನ ಖರ್ಚನ್ನು ಎಲ್ಲೂ ಬರೆದಿಟ್ಟಿರುವುದಿಲ್ಲ. ವರಮಹಾಲಕ್ಷ್ಮಿಯ ಹಿಂದಿನ ದಿನ ಕೆ.ಆರ್. ಮಾರುಕಟ್ಟೆಯಲ್ಲಿ ಕನಕಾಂಬರ ಕಿಲೋಗೆ ಸಾವಿರ ದಾಟಿದರೂ ಸರಿ, ವರ್ಷದ ಲೆಕ್ಕ ಹಿಡಿದರೆ ಮೊಳ ಹೂ ಕೊಂಡು ತರುವುದೇ ಅಗ್ಗ. ನನ್ನ ಹಟ ಬೇರೆಯದು. ಯಾವ ತಿಂಗಳಲ್ಲಿ ಬುಟ್ಟಿ ಹಿಡಿದು ಮೇಲೆ ಹತ್ತಿದರೂ ಅದರ ತಳ ಮುಚ್ಚುವಷ್ಟು ಹೂ ಸಿಗಬೇಕು, ಅದೂ ಒಂದೇ ಜಾತಿಯದ್ದಲ್ಲ. ಈ ಹಟ ಎಲ್ಲಿಗೆ ಬಂತು, ಏನೇನು ಕಟ್ಟಬೇಕಾಯಿತು ಎಂಬುದನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಜಾಗದ ಚಿತ್ರ ಇಷ್ಟು: ಬೆಂಗಳೂರಿನಲ್ಲಿ ಮೂವತ್ತು ನಲವತ್ತರ ನಿವೇಶನ, ಒಂದು ಮಹಡಿಯ ಮನೆ, ಅದರ ಮೇಲಿನ ತಾರಸಿ. ಪೂರ್ವಕ್ಕೆ ರಸ್ತೆ. ದಕ್ಷಿಣಕ್ಕೆ ಪಕ್ಕದವರು ನಮಗಿಂತ ಒಂದು ಮಹಡಿ ಹೆಚ್ಚು ಎತ್ತಿದ್ದಾರೆ, ಅಂದರೆ ನಮ್ಮ ಕಡೆಗೆ ಹತ್ತಡಿಯ ಬೋಳು ಗೋಡೆ. ನೈಋತ್ಯದಲ್ಲಿ ನೀರಿನ ಟ್ಯಾಂಕು, ವಾಸ್ತುವಿನ ಕೃಪೆ. ಈಶಾನ್ಯದಲ್ಲಿ ಮೆಟ್ಟಿಲಿನ ಕೋಣೆ.

ಜನವರಿ: ಸೀಮೆಸುಣ್ಣದ ಕೆಲಸ

ಗಿಡ ತರುವ ಮೊದಲು ನೆರಳು ಗುರುತಿಸಿದೆ. ಬೆಳಿಗ್ಗೆ ಎಂಟಕ್ಕೆ, ಹನ್ನೊಂದಕ್ಕೆ, ಎರಡಕ್ಕೆ, ನಾಲ್ಕಕ್ಕೆ ಗೋಡೆಯ ನೆರಳಿನ ಅಂಚಿಗೆ ಸೀಮೆಸುಣ್ಣದಿಂದ ಗೆರೆ ಎಳೆದು, ಅದನ್ನೇ ಹಾಳೆಯ ಮೇಲೆ ಇಳಿಸಿಕೊಂಡೆ. ಗೆರೆಗಳ ನಡುವೆ ದಿನಕ್ಕೆ ಆರು ಗಂಟೆ ಬಿಸಿಲು ಬೀಳುವ ಜಾಗ ಯಾವುದು, ಮೂರೇ ಗಂಟೆ ಬೀಳುವುದು ಯಾವುದು ಎಂಬುದು ಕಣ್ಣಿಗೆ ಕಾಣುತ್ತದೆ.

ಆದರೆ ಜನವರಿಯ ನಕ್ಷೆ ಮೇ ತಿಂಗಳಿಗೆ ಸುಳ್ಳು. ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ 24ರ ಸುಮಾರಿಗೆ ಸೂರ್ಯ ನಡುಹಗಲಲ್ಲಿ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ, ಶೂನ್ಯ ನೆರಳಿನ ದಿನ ಎಂದು ಶಾಲೆಯ ಮಕ್ಕಳು ಕೋಲು ನೆಟ್ಟು ನೋಡುವುದು ಅವತ್ತೇ. ಆಮೇಲೆ ಉತ್ತರಕ್ಕೆ ವಾಲುತ್ತಾನೆ, ಆಗಸ್ಟ್ 18ರ ಹೊತ್ತಿಗೆ ಮತ್ತೆ ನೆತ್ತಿ ದಾಟಿ ದಕ್ಷಿಣಕ್ಕೆ ಹೋಗುತ್ತಾನೆ. ಹಾಗಾಗಿ ನಮ್ಮ ದಕ್ಷಿಣದ ಗೋಡೆ ಡಿಸೆಂಬರಿನ ನಡುಹಗಲಲ್ಲಿ ಏಳಡಿಗೂ ಮೀರಿದ ನೆರಳನ್ನು ನಮ್ಮ ತಾರಸಿಯ ಮೇಲೆ ಚೆಲ್ಲುತ್ತದೆ, ಜೂನಿನ ನಡುಹಗಲಲ್ಲಿ ಒಂದಿಂಚು ನೆರಳನ್ನೂ ಕೊಡುವುದಿಲ್ಲ. ಗೋಡೆಯ ಬುಡದ ಪಟ್ಟಿ ಮಳೆಗಾಲದಲ್ಲಿ ಬಿಸಿಲಿನ ಜಾಗ, ಚಳಿಗಾಲದಲ್ಲಿ ತಂಪು ಮೂಲೆ.

ಇದರಿಂದ ಒಂದು ವಿಷಯ ತಾನಾಗಿಯೇ ತೀರ್ಮಾನವಾಯಿತು. ಜೂನಿನಿಂದ ಸೆಪ್ಟೆಂಬರಿನವರೆಗೆ ಹೂ ಬಿಡುವ ಡೇರೆ (ಡೇಲಿಯಾ), ಕರ್ಣಕುಂಡಲಗಳಿಗೆ ದಕ್ಷಿಣದ ಪಟ್ಟಿ. ಅಲ್ಲಿ ಗೋಡೆ ಮತ್ತು ಟ್ಯಾಂಕು ಎರಡೂ ಸೇರಿ ಮುಂಗಾರಿನ ನೈಋತ್ಯ ಗಾಳಿಯನ್ನು ತಡೆಯುತ್ತವೆ, ಡೇರೆಯ ಪೊಳ್ಳು ದಂಟಿಗೆ ಅದು ದೊಡ್ಡ ಉಪಕಾರ. ಅರೆನೆರಳನ್ನು ಸಹಿಸುವ ಕನಕಾಂಬರಕ್ಕೂ ಅದೇ ಪಟ್ಟಿಯ ತುದಿ. ಚಳಿಗಾಲದಲ್ಲಿ ಹೂ ಬಿಡಬೇಕಾದ ಸೇವಂತಿಗೆಗೆ ಪೂರ್ವದ ಮತ್ತು ಉತ್ತರದ ಅಂಚು. ಮಲ್ಲಿಗೆ, ಗುಲಾಬಿ, ದಾಸವಾಳ ಪಶ್ಚಿಮಕ್ಕೆ. ಹಗಲಿನ ಲೆಕ್ಕದಲ್ಲಿ ಇದರಲ್ಲಿ ಒಂದೂ ತಪ್ಪಿಲ್ಲ, ಈಗಲೂ ಗಿಡಗಳು ಹೆಚ್ಚುಕಡಿಮೆ ಅಲ್ಲಲ್ಲೇ ಇವೆ.

ಫೆಬ್ರವರಿ: ಭಾರ

ಓಡಾಡಲು ಮೆಟ್ಟಿಲಿರುವ ಸಮತಟ್ಟು ತಾರಸಿಗೆ ಭಾರತೀಯ ಮಾನಕ 875ರ ಎರಡನೇ ಭಾಗ ಹೇಳುವ ಭಾರ ಚದರ ಮೀಟರಿಗೆ 1.5 ಕಿಲೋನ್ಯೂಟನ್, ಅಂದರೆ ಸುಮಾರು 150 ಕಿಲೋ. ಹನ್ನೆರಡು ಇಂಚಿನ ಕುಂಡಕ್ಕೆ ಬರೀ ಕೆಂಪು ಮಣ್ಣು ತುಂಬಿ ನೀರು ಹಾಕಿದರೆ ಇಪ್ಪತ್ತೈದು ಕಿಲೋ ಆರಾಮಾಗಿ ತೂಗುತ್ತದೆ. ಅಂಥ ಒಂಬತ್ತು ಕುಂಡ ಒಂದು ಚದರ ಮೀಟರಿನಲ್ಲಿ ಒತ್ತಾಗಿ ಕೂರುತ್ತವೆ. ಗುಣಿಸಿ ನೋಡಿದರೆ ನಡುತಾರಸಿಯಲ್ಲಿ ಕುಂಡಗಳನ್ನು ಗುಡ್ಡೆ ಹಾಕುವ ಆಸೆ ಹೋಗುತ್ತದೆ. ಕುಂಡಗಳೆಲ್ಲ ಗೋಡೆ ಮತ್ತು ತೊಲೆ ಹಾದುಹೋಗುವ ಅಂಚುಗಳ ಮೇಲೆಯೇ ಒಂದೊಂದೇ ಸಾಲಿನಲ್ಲಿ ನಿಂತವು. ಪ್ರತಿ ಕುಂಡದ ಅಡಿಯಲ್ಲಿ ಮೂರು ಇಟ್ಟಿಗೆ ತುಂಡು. ನೀರು ಹರಿದುಹೋಗುವುದೂ ಕಾಣುತ್ತದೆ, ಕಸ ಗುಡಿಸಲು ಪೊರಕೆಯೂ ಹೋಗುತ್ತದೆ.

ಮಣ್ಣಿನ ಮಿಶ್ರಣ: ಕೆಂಪು ಮಣ್ಣು, ಕೊಕೊಪೀಟ್ (ತೆಂಗಿನ ನಾರಿನ ಪುಡಿ), ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸಮಸಮ, ಕುಂಡಕ್ಕೊಂದು ಹಿಡಿ ಬೇವಿನ ಹಿಂಡಿ. ಐದು ಕಿಲೋದ ಕೊಕೊಪೀಟ್ ಇಟ್ಟಿಗೆ ನೆನೆದರೆ ಎಪ್ಪತ್ತು ಲೀಟರಿನ ಆಸುಪಾಸು ಉಬ್ಬುತ್ತದೆ. ಅದನ್ನು ಹಾಗೇ ಬಳಸಬಾರದು. ತೆಂಗಿನ ನಾರಿನಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ, ಎಳೆಯ ಸಸಿಯ ಎಲೆಯಂಚು ಸುಟ್ಟಂತಾಗುವುದು ಅದರಿಂದಲೇ. ಡ್ರಮ್ಮಿನಲ್ಲಿ ನೆನೆಸಿ, ಹಿಂಡಿ, ನೀರು ಚೆಲ್ಲಿ, ಮತ್ತೆ ನೆನೆಸಬೇಕು. ಕಾಫಿ ಬಣ್ಣದ ನೀರು ತಿಳಿ ಚಹಾದ ಬಣ್ಣಕ್ಕೆ ಇಳಿಯುವವರೆಗೆ.

ಮಾರ್ಚ್: ನೀರು

ಟ್ಯಾಂಕಿನಿಂದ ನೇರವಾಗಿ ಹನಿ ನೀರಾವರಿ ಮಾಡಿಕೊಳ್ಳಿ ಎಂದು ಎಲ್ಲರೂ ಸುಲಭವಾಗಿ ಹೇಳುತ್ತಾರೆ. ಅಂಗಡಿಯ ಕಿಟ್ ತರುವ ಮೊದಲು ಒಂದು ಅಳತೆ ನೋಡಿಕೊಳ್ಳಬೇಕು. ನೀರಿನ ಒಂದು ಮೀಟರ್ ಎತ್ತರಕ್ಕೆ ಸಿಗುವ ಒತ್ತಡ ಹೆಚ್ಚೂಕಡಿಮೆ 0.1 ಬಾರ್. ನಮ್ಮ ಟ್ಯಾಂಕಿನ ತಳ ಕುಂಡಗಳಿಗಿಂತ ಒಂದೂವರೆ ಮೀಟರ್ ಮೇಲಿದೆ, ಅಂದರೆ 0.15. ಹೊಲದ ಹನಿ ನೀರಾವರಿಗೆ ಮಾಡಿದ ಒತ್ತಡ ಸರಿದೂಗಿಸುವ ಡ್ರಿಪ್ಪರುಗಳಿಗೆ ಇದು ಸಾಲುವುದೇ ಇಲ್ಲ, ಒಂದೆರಡು ಕುಂಡಕ್ಕೆ ಹನಿ ಬಿದ್ದು ಉಳಿದವು ಒಣಗುತ್ತವೆ. ಟೈಮರಿನದೂ ಅದೇ ಕತೆ. ಸೊಲೆನಾಯ್ಡ್, ಅಂದರೆ ವಿದ್ಯುತ್ಕಾಂತದ ವಾಲ್ವ್, ಇರುವ ಟೈಮರ್ ತೆರೆದುಕೊಳ್ಳಲಿಕ್ಕೇ ಒತ್ತಡ ಬೇಕು. ಮೋಟಾರಿನಿಂದ ಚೆಂಡು ತಿರುಗಿಸುವ, ಶೂನ್ಯ ಒತ್ತಡದಲ್ಲೂ ತೆರೆಯುವ ಬಾಲ್ ವಾಲ್ವ್ ಟೈಮರ್ ಎಂದೇ ಕೇಳಿ ತರಬೇಕು.

ನಾನು ಹಾಕಿದ್ದು ಹದಿನಾರು ಮಿಲಿಮೀಟರಿನ ಮುಖ್ಯ ಪೈಪು, ಅದರಿಂದ ಕುಂಡಕ್ಕೊಂದು ನಾಲ್ಕು ಮಿಲಿಮೀಟರಿನ ಬರಿಯ ಕೊಳವೆ. ತುದಿಯಲ್ಲಿ ಡ್ರಿಪ್ಪರ್ ಇಲ್ಲ, ತಿರುಗಿಸಿ ಬಿಗಿ ಮಾಡುವ ಸಣ್ಣ ನಲ್ಲಿ ಮಾತ್ರ. ಕೊಳವೆ ಬಾವಿಯ ಗಡಸು ನೀರಿನಿಂದ ಅದರ ಬಾಯಿಗೂ ಬಿಳಿ ಸುಣ್ಣ ಕಟ್ಟುತ್ತದೆ, ಬಿಚ್ಚಿ ವಿನಿಗರಿನಲ್ಲಿ ನೆನೆಸಿಟ್ಟರೆ ಬಿಡುತ್ತದೆ. ಅಡುಗೆಮನೆಯ ಆರ್‌ಓ ಯಂತ್ರ ಹೊರಬಿಡುವ ನೀರನ್ನು ಗಿಡಕ್ಕೆ ಹಾಕುವುದು ಜಾಣತನ ಎಂದು ನಂಬಿದವರು ಬಹಳ ಇದ್ದಾರೆ. ಕೊಳವೆ ಬಾವಿಯ ನೀರಿನ ಉಪ್ಪೆಲ್ಲ ಒಟ್ಟಾಗಿ ಬಂದು ಸೇರುವುದು ಅದರಲ್ಲೇ. ನೆಲ ಒರೆಸಲು ಬಳಸಿ, ಕುಂಡಕ್ಕೆ ಬೇಡ.

ಏಪ್ರಿಲ್, ಮೇ: ನೆಡುವಿಕೆ

ಸುಗಂಧರಾಜದ ಗೆಡ್ಡೆ ಎರಡು ಇಂಚು ಆಳಕ್ಕೆ ಹೋಯಿತು. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಪ್ರಜ್ವಲ್ ತಳಿ, ಮೊಗ್ಗಿನ ತುದಿಗೆ ನಸುಗೆಂಪು ಬಳಿದಂತಿರುತ್ತದೆ, ಅರಳಿದರೆ ಬಿಳಿ. ಒಂದೇ ಸುತ್ತಿನ ದಳದ ತಳಿಗಳಿಗೆ ಪರಿಮಳ ಹೆಚ್ಚು, ಸುತ್ತು ದಳದವು ಹೂದಾನಿಗೆ ಚೆಂದ. ಬೇಕಾದ್ದನ್ನು ಯೋಚಿಸಿ ತರಬೇಕು. ನೆಟ್ಟ ಮೂರು ತಿಂಗಳಿಗೆ ದಂಟು ಎದ್ದಿತು. ಇದರ ವಿಷಯದಲ್ಲಿ ಹೇಳಲು ಇನ್ನೇನೂ ಇಲ್ಲ, ಬಿಸಿಲು ಸಿಕ್ಕರೆ ತನ್ನ ಪಾಡಿಗೆ ಬೆಳೆಯುವ ಸಜ್ಜನ ಗಿಡ.

ಕನಕಾಂಬರ ಹಾಗಲ್ಲ. ಮಾರುಕಟ್ಟೆಯಲ್ಲಿ ಡೆಲ್ಲಿ ಕನಕಾಂಬರ ಎಂದು ಕರೆಯುವ ದಟ್ಟ ಕಿತ್ತಳೆಯ ತಳಿ ಬೀಜವನ್ನೇ ಕಟ್ಟುವುದಿಲ್ಲ. ಅದು ಮಾಮೂಲಿನ ಎರಡರ ಬದಲು ಮೂರು ಗುಂಪು ವರ್ಣತಂತುಗಳಿರುವ ಬಂಜೆ ತಳಿ, ಕಡ್ಡಿ ಊರಿಯೇ ಬೆಳೆಸಬೇಕು. ಊರಿನ ಹಳೆಯ ತಳಿಗಳ ಒಣ ಕಾಯಿಗೆ ನೀರು ತಾಗಿದರೆ ಸಿಡಿದು ಬೀಜ ದೂರಕ್ಕೆ ಹಾರುತ್ತದೆ, ಹಾಗಾಗಿ ಕಾಯಿ ಕಂದು ಬಣ್ಣಕ್ಕೆ ತಿರುಗಿದಾಗಲೇ ಮಳೆಗೆ ಮುಂಚೆ ಕಿತ್ತಿಟ್ಟುಕೊಳ್ಳಬೇಕು. ಕನಕಾಂಬರದ ಶತ್ರು ಮಣ್ಣೊಳಗಿದೆ. ಬೇರಿಗೆ ಬೀಳುವ ಸೂಕ್ಷ್ಮ ಜಂತುಹುಳು ಗಾಯ ಮಾಡುತ್ತದೆ, ಆ ಗಾಯದ ಮೂಲಕ ಸೊರಗು ರೋಗದ ಶಿಲೀಂಧ್ರ ನುಗ್ಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಗಿಡ ಸಂಜೆಗೆ ತಲೆ ಬಾಗಿಸಿ ನಿಲ್ಲುವುದು ಹೀಗೆ. ಚೆಂಡು ಹೂವಿನ ಬೇರು ಈ ಹುಳುಗಳಿಗೆ ಆಗದ ರಾಸಾಯನಿಕ ಸ್ರವಿಸುತ್ತದೆ. ಅದಕ್ಕೇ ಕನಕಾಂಬರ ಹೋಗುವ ಕುಂಡಗಳಲ್ಲಿ ಒಂದು ಸುತ್ತು ಚೆಂಡು ಹೂವನ್ನೇ ಬೆಳೆದು, ಹೂ ಮುಗಿದ ಮೇಲೆ ಗಿಡ ಕತ್ತರಿಸಿ ಬೇರನ್ನು ಮಣ್ಣಲ್ಲೇ ಬಿಟ್ಟು, ಆಮೇಲೆ ಕಡ್ಡಿ ಊರಿದೆ. ಕನಕಾಂಬರದ ತೆನೆ ಕೆಳಗಿನಿಂದ ಮೇಲಕ್ಕೆ ಅರಳುತ್ತಾ ಹೋಗುತ್ತದೆ, ಒಂದು ದಿನ ಬಿಟ್ಟು ಒಂದು ದಿನ ಬಿಡಿಸಿದರೆ ಸಾಕು. ಹೂ ಮುಗಿದ ತೆನೆಯನ್ನು ಬುಡದವರೆಗೆ ಕತ್ತರಿಸದಿದ್ದರೆ ಹೊಸ ತೆನೆ ಬರಲು ಸೋಮಾರಿತನ ಮಾಡುತ್ತದೆ.

ಡೇರೆಯ ಗೆಡ್ಡೆ ಶಿರಸಿ ಕಡೆಯ ನೆಂಟರ ಮನೆಯಿಂದ ಬಂತು. ಮಲೆನಾಡಿನ ಅಂಗಳಗಳಲ್ಲಿ ಡೇರೆ ಎಂದರೆ ಪ್ರತಿಷ್ಠೆಯ ವಿಷಯ. ಯಾರ ಮನೆಯಲ್ಲಿ ಯಾವ ಬಣ್ಣ ಇದೆ ಎಂಬುದು ಊರಿಗೇ ಗೊತ್ತಿರುತ್ತದೆ, ಮದುವೆ ಮುಂಜಿಗೆ ಹೋದವರ ಕೈಚೀಲದಲ್ಲಿ ಗೆಡ್ಡೆ, ಕಡ್ಡಿ ಬರುವುದು ಅಲ್ಲಿಯ ರೂಢಿ. ಬೆಂಗಳೂರಿನಲ್ಲಿ ಒಂದು ಗೆಡ್ಡೆ ಕೇಳಿದರೆ ಅಂಗಡಿಯವರು ಮುಷ್ಟಿ ಗಾತ್ರದ್ದನ್ನು ಆರಿಸಿ ಕೊಡುತ್ತಾರೆ. ಗಾತ್ರ ಮುಖ್ಯವಲ್ಲ. ಡೇರೆಯ ಕಣ್ಣು ಇರುವುದು ಗೆಡ್ಡೆಯ ಮೈಮೇಲಲ್ಲ, ಹಳೆಯ ಕಾಂಡಕ್ಕೆ ಅಂಟಿದ ಕುತ್ತಿಗೆಯಲ್ಲಿ. ಕಾಂಡದ ಚೂರು ಅಂಟದ ಗೆಡ್ಡೆ ಎಷ್ಟು ದಪ್ಪಗಿದ್ದರೂ ಚಿಗುರುವುದಿಲ್ಲ, ಹೆಬ್ಬೆರಳಿನಷ್ಟಿದ್ದರೂ ಕಣ್ಣಿರುವುದು ಚಿಗುರುತ್ತದೆ. ಮೊದಲ ಮಳೆಯ ನಂತರ ನೆಟ್ಟು, ಚಿಗುರು ಕಾಣುವವರೆಗೆ ನೀರನ್ನು ಹಿಡಿದು ಹಾಕಬೇಕು, ಇಲ್ಲವಾದರೆ ಕೊಳೆಯುತ್ತದೆ. ಕೋಲನ್ನು ಗೆಡ್ಡೆ ನೆಡುವಾಗಲೇ ಊರಿಬಿಡುವುದು ಒಳ್ಳೆಯದು. ಆಮೇಲೆ ಚುಚ್ಚಿದರೆ ಗೆಡ್ಡೆಗೇ ತಾಗುತ್ತದೆ.

ಗುಲಾಬಿಯ ಬಗ್ಗೆ ಒಂದೇ ಮಾತು: ಕಸಿಯ ಗಂಟಿನ ಕೆಳಗಿನಿಂದ ಏಳುವ ಚಿಗುರು ನೀವು ಕೊಂಡ ಗುಲಾಬಿಯದ್ದಲ್ಲ, ಬೇರುಗಿಡದ್ದು. ಬಹಳ ಹುರುಪಿನಿಂದ ಬೆಳೆಯುತ್ತದೆ, ಸಂತೋಷಪಡದೆ ಕಿತ್ತುಹಾಕಿ.

ಸೇವಂತಿಗೆಯ ಕಂದುಗಳನ್ನು, ಅಂದರೆ ಬುಡದಿಂದ ಏಳುವ ಮರಿಗಿಡಗಳನ್ನು, ಮೇ ಕೊನೆಯಲ್ಲಿ ಹಚ್ಚಿದೆ. ಒಂದೇ ತಾಯಿಬುಡದಿಂದ ಬಿಡಿಸಿದ ಹಳದಿಯ ಕಂದುಗಳು. ಅರ್ಧ ಉತ್ತರದ ಸಾಲಿಗೆ, ಅರ್ಧ ಪೂರ್ವದ ಸಾಲಿಗೆ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಜುಲೈನಿಂದ ಸೆಪ್ಟೆಂಬರ್

ಸೇವಂತಿಗೆಯ ಕುಡಿಯನ್ನು ನೆಟ್ಟ ನಾಲ್ಕು ವಾರದ ನಂತರ ಒಮ್ಮೆ, ಅದರ ಕವಲುಗಳ ಕುಡಿಯನ್ನು ಆಮೇಲೊಮ್ಮೆ ಚಿವುಟಿದೆ. ಆಗಸ್ಟ್ ನಡುವಿನ ನಂತರ ಕುಡಿಗೆ ಕೈ ಹಾಕಬಾರದು. ಚೆಂಡು ಹೂವಿನ ಬೀಜ ಜುಲೈ ಕೊನೆಗೆ ಬಿತ್ತಿದರೆ ಆಯುಧಪೂಜೆಯ ಹೊತ್ತಿಗೆ ಹೂ ಸಿಗುತ್ತದೆ, ಅರುವತ್ತರಿಂದ ಎಪ್ಪತ್ತು ದಿನದ ಲೆಕ್ಕ. ಕಳೆದ ದಸರೆಯ ಹಾರದಿಂದ ಉದುರಿಸಿದ ಬೀಜವೂ ಮೊಳೆಯುತ್ತದೆ. ಆದರೆ ಮಾರುಕಟ್ಟೆಯ ದಪ್ಪ ಹೂ ಬಹುಪಾಲು ಹೈಬ್ರಿಡ್, ಅದರ ಮಕ್ಕಳು ಯಾವ ಗಾತ್ರಕ್ಕೆ ಬಂದಾವು ಎಂದು ಹೇಳಲಾಗದು.

ದಾಸವಾಳಕ್ಕೆ ಬಿಳಿ ಹಿಟ್ಟುತಿಗಣೆ ಹತ್ತಿತು. ಬೇವಿನೆಣ್ಣೆ ಲೀಟರ್ ನೀರಿಗೆ ಐದು ಮಿಲಿ, ಜೊತೆಗೆ ಕರಗಿಸಲು ಒಂದೆರಡು ಮಿಲಿ ಸೋಪಿನ ದ್ರವ, ಸಂಜೆ ಸಿಂಪಡಣೆ. ಇದರಿಂದ ತಿಗಣೆ ಸಾಯುತ್ತದೆ, ಆದರೆ ಮತ್ತೆ ಬರುತ್ತದೆ. ಅದನ್ನು ಹೊತ್ತು ತರುವುದು, ಅದರ ಸಿಹಿ ರಸಕ್ಕಾಗಿ ಕಾವಲು ಕಾಯುವುದು ಇರುವೆ. ಕುಂಡವನ್ನು ಗೋಡೆಯಿಂದ ಒಂದು ಗೇಣು ಸರಿಸಿ, ಇಟ್ಟಿಗೆಯ ಬದಲು ನೀರು ತುಂಬಿದ ತಟ್ಟೆಯ ನಡುವಿನ ಕಲ್ಲಿನ ಮೇಲೆ ಕೂರಿಸಿದ ಮೇಲೆ ಕಾಟ ಇಳಿಯಿತು. ತಟ್ಟೆಯ ನೀರಿಗೆ ಒಂದು ಹನಿ ಸೋಪು ಹಾಕದಿದ್ದರೆ ಸೊಳ್ಳೆಗೆ ತೊಟ್ಟಿಲು ಕಟ್ಟಿದಂತೆ.

ಈ ತಿಂಗಳುಗಳಲ್ಲಿ ಬುಟ್ಟಿ ತುಂಬಿಸಿದ್ದು ಡೇರೆ, ಕರ್ಣಕುಂಡಲ, ಸುಗಂಧರಾಜ. ಶಂಖಪುಷ್ಪ ಹಂಬು ಹಬ್ಬಿ ದಿನವೂ ಒಂದು ಹಿಡಿ ಕೊಟ್ಟಿತು. ನಂದಬಟ್ಟಲು ಯಾವ ಕಾಲಕ್ಕೂ ಇಲ್ಲ ಎಂದದ್ದಿಲ್ಲ.

ಅಕ್ಟೋಬರ್: ಪೂರ್ವದ ಸಾಲಿನ ಮುಷ್ಕರ

ಅಕ್ಟೋಬರ್ ಮೂರನೇ ವಾರಕ್ಕೆ ಉತ್ತರದ ಸಾಲಿನ ಸೇವಂತಿಗೆಯ ತುದಿತುದಿಗೂ ಬಟಾಣಿ ಗಾತ್ರದ ಮೊಗ್ಗು. ಪೂರ್ವದ ಸಾಲಿನಲ್ಲಿ ಒಂದೂ ಇಲ್ಲ. ಗಿಡಕ್ಕೇನೂ ರೋಗವಿಲ್ಲ. ಉತ್ತರದವಕ್ಕಿಂತ ಒಂದು ಗೇಣು ಎತ್ತರ, ಎಲೆ ಕಡುಹಸಿರು, ನೋಡಿದವರು ಎಷ್ಟು ಚೆನ್ನಾಗಿ ಬೆಳೆಸಿದ್ದೀರಿ ಎನ್ನುವಂತೆ. ಒಂದೇ ತಾಯಿಯ ಕಂದುಗಳು, ಒಂದೇ ಮಣ್ಣು, ಒಂದೇ ಪೈಪಿನ ನೀರು, ಕುಡಿ ಚಿವುಟಿದ್ದೂ ಒಂದೇ ದಿನ. ಬೆಳಗಿನ ಬಿಸಿಲು ಪೂರ್ವಕ್ಕೇ ಒಂದು ಪಾಲು ಹೆಚ್ಚು.

ಗಿಡದಂಗಡಿಯಲ್ಲಿ ಕೇಳಿದರೆ ಪೊಟ್ಯಾಷ್ ಕೊಡಿ ಎಂದರು. ಹೂ ಬಿಡಿಸುವ ಟಾನಿಕ್ ಎಂದು ಒಂದು ಬಾಟಲಿಯನ್ನೂ ಮುಂದಿಟ್ಟರು. ಸಾರಜನಕ ಹೆಚ್ಚಾದರೆ ಸೊಪ್ಪು ಹೆಚ್ಚಿ ಹೂ ತಡವಾಗುವುದು ನಿಜವೇ. ಆದರೆ ಆ ಗೊಬ್ಬರವನ್ನೇ ತಿಂದ ಉತ್ತರದ ಸಾಲು ಮೊಗ್ಗು ಕಟ್ಟಿಕೊಂಡು ನಿಂತಿರುವಾಗ ಈ ವಾದ ನಿಲ್ಲುವುದಿಲ್ಲ.

ಎರಡು ಸಾಲಿನ ನಡುವಿನ ವ್ಯತ್ಯಾಸ ಹಗಲಲ್ಲಿ ಇರಲಿಲ್ಲ. ರಾತ್ರಿ ಹತ್ತಕ್ಕೆ ಮೇಲೆ ಹೋಗಿ ನಿಂತರೆ ಕಾರಣ ಸಿಕ್ಕಿತು. ರಸ್ತೆಯ ಕಂಬದ ಎಲ್‌ಇಡಿ ದೀಪ ನಮ್ಮ ತಾರಸಿಯ ನೆಲಕ್ಕಿಂತ ಒಂದಾಳೆತ್ತರವಷ್ಟೇ ಮೇಲಿದೆ. ರಸ್ತೆಯಲ್ಲಿ ನಡೆಯುವವರಿಗಿಂತ ಅದು ನಮ್ಮ ಸೇವಂತಿಗೆಗೇ ಹತ್ತಿರ. ಪೂರ್ವದ ಸಾಲಿನ ಒಂದೊಂದು ಎಲೆಯ ನೆರಳೂ ನೆಲದ ಮೇಲೆ ಅಚ್ಚಾಗಿ ಬಿದ್ದಿತ್ತು. ಉತ್ತರದ ಸಾಲು ಮೆಟ್ಟಿಲಿನ ಕೋಣೆಯ ಮರೆಯಲ್ಲಿ ಕತ್ತಲೊಳಗಿತ್ತು. ಮೊಬೈಲಿನ, ಬೆಳಕು ಅಳೆಯುವ ಲಕ್ಸ್ ಮೀಟರನ್ನು ಎಲೆಯ ಮಟ್ಟದಲ್ಲಿ ಹಿಡಿದರೆ ಪೂರ್ವದಲ್ಲಿ ಇಪ್ಪತ್ತರ ಮೇಲೆ, ಉತ್ತರದಲ್ಲಿ ಒಂದಕ್ಕಿಂತ ಕಡಿಮೆ. ಮೊಬೈಲಿನ ಅಳತೆ ಕರಾರುವಾಕ್ಕಲ್ಲ, ಹೋಲಿಸಲು ಸಾಕು.

ಸೇವಂತಿಗೆ ಹೂ ಬಿಡುವುದು ರಾತ್ರಿ ಉದ್ದವಾದಾಗ. ಗಿಡಗಳು ಹಗಲಿರುಳಿನ ಉದ್ದ ನೋಡಿ ಹೂ ಬಿಡುತ್ತವೆ ಎಂಬುದನ್ನು ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬಿಬ್ಬರು 1920ರಲ್ಲಿ ಪ್ರಕಟಿಸಿದರು, ಅವರು ನೋಡಿದ ಗಿಡಗಳಲ್ಲಿ ಮುಖ್ಯವಾದದ್ದು ಹೂ ಬಿಡಲೊಲ್ಲದ ಒಂದು ಹೊಗೆಸೊಪ್ಪಿನ ತಳಿ. ಗಿಡ ಎಣಿಸುವುದು ಹಗಲನ್ನಲ್ಲ, ಎಡೆಬಿಡದ ಕತ್ತಲನ್ನು ಎಂಬುದು ಆಮೇಲೆ ತಿಳಿಯಿತು. ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ಬಣ್ಣದ್ರವ್ಯ ಕೆಂಪು ಬೆಳಕಿಗೆ ಒಂದು ರೂಪದಿಂದ ಇನ್ನೊಂದು ರೂಪಕ್ಕೆ ತಿರುಗುತ್ತದೆ, ಕತ್ತಲಲ್ಲಿ ನಿಧಾನವಾಗಿ ಮರಳುತ್ತದೆ. ನಡುರಾತ್ರಿ ಬೆಳಕು ಬಿದ್ದರೆ ಆ ಎಣಿಕೆ ಮೊದಲಿನಿಂದ ಶುರು. ಬಿಳಿ ಎಲ್‌ಇಡಿಯಲ್ಲಿ ಕೆಂಪೂ ಸೇರಿಯೇ ಇರುತ್ತದೆ, ಹಳೆಯ ಸೋಡಿಯಂ ದೀಪವೂ ಸೇವಂತಿಗೆಯನ್ನು ಹೀಗೇ ಕೆಡಿಸುತ್ತಿತ್ತು.

ನನಗೆ ಬೆರಗು ಅನ್ನಿಸಿದ್ದು ಲೆಕ್ಕದ ಸೂಕ್ಷ್ಮ. ಬೆಂಗಳೂರಿನ ಅತಿ ಉದ್ದದ ಹಗಲು ಸುಮಾರು 12 ಗಂಟೆ 50 ನಿಮಿಷ, ಅತಿ ಗಿಡ್ಡದ್ದು ಸುಮಾರು 11 ಗಂಟೆ 20 ನಿಮಿಷ. ಒಟ್ಟು ವರ್ಷದ ಏರಿಳಿತ ಒಂದೂವರೆ ಗಂಟೆ. ಮನುಷ್ಯನ ಅರಿವಿಗೇ ಬಾರದ ಈ ಅಂತರದ ಒಳಗೆ ಸೇವಂತಿಗೆ ತನ್ನ ಕಾಲವನ್ನು ಆರಿಸಿಕೊಳ್ಳುತ್ತದೆ. ಅಂಥದ್ದರ ಮೇಲೆ ರಾತ್ರಿಯಿಡೀ ದೀಪ ಉರಿದರೆ ಅದಕ್ಕೆ ಮುಗಿಯದ ಜೂನ್ ತಿಂಗಳು.

ನವೆಂಬರ್ ಮೊದಲ ವಾರ: ಪರದೆ

ದೀಪ ತೆಗೆಸುವ ಮಾತಿಲ್ಲ, ರಸ್ತೆಗೆ ಬೆಳಕು ಬೇಕು. ಕುಂಡಗಳನ್ನು ದಕ್ಷಿಣದ ಗೋಡೆಯ ಮರೆಗೆ ಸರಿಸಬಹುದಿತ್ತು, ಅಲ್ಲಿ ಆ ಹೊತ್ತಿಗೆ ಬಿಸಿಲೇ ಇಲ್ಲ. ಇಡೀ ಸಾಲಿಗೆ ಕಪ್ಪು ಬಟ್ಟೆಯ ಗುಡಾರ ಹೊದಿಸಿದರೆ ಒಳಗೆ ತೇವ ಕಟ್ಟಿ ಎಲೆಗೆ ಚುಕ್ಕೆ ರೋಗ ಬರುತ್ತದೆ. ಬೆಳಕು ಬರುತ್ತಿರುವುದು ಒಂದೇ ದಿಕ್ಕಿನಿಂದ ಆದ್ದರಿಂದ ಆ ದಿಕ್ಕಿಗೆ ಮಾತ್ರ ಪರದೆ ಸಾಕು. ಆದರೆ ಅದೇ ದಿಕ್ಕಿನಿಂದ ಬೆಳಗಿನ ಬಿಸಿಲೂ ಬರಬೇಕು. ಅಂದರೆ ಹಗಲು ಮಲಗುವ, ರಾತ್ರಿ ಏಳುವ ಪರದೆ.

ಮುಕ್ಕಾಲು ಇಂಚಿನ ಪಿವಿಸಿ ಪೈಪಿನಿಂದ ಆರಡಿ ಅಗಲ, ನಾಲ್ಕಡಿ ಎತ್ತರದ ಚೌಕಟ್ಟು, ನಡುವೆ ಒಂದು ಅಡ್ಡಪಟ್ಟಿ. ಮೂಲೆಗೆ ಎಲ್ಬೋ, ಅಡ್ಡಪಟ್ಟಿಗೆ ಟೀ ಎಂಬ ಪೈಪು ಜೋಡಣೆಗಳು. ಅಂಥವು ಎರಡು. ಪ್ಯಾರಪೆಟ್ಟಿನ, ಅಂದರೆ ತಾರಸಿಯ ಅಂಚಿನ ಮೋಟುಗೋಡೆಯ, ತಲೆಯ ಮೇಲೆ, ಹೊರ ಅಂಚಿಗೆ, ಒಂದು ಇಂಚಿನ ಪೈಪಿನ ಗೇಣುದ್ದದ ತುಂಡುಗಳನ್ನು ಕ್ಲ್ಯಾಂಪಿನಿಂದ ಬಿಗಿದು, ಚೌಕಟ್ಟಿನ ಕೆಳಗಿನ ಪೈಪು ಅವುಗಳೊಳಗೆ ತಿರುಗುವಂತೆ ಮಾಡಿದೆ. ಅದೇ ಬಿಜಾಗರಿ, ತುಕ್ಕು ಹಿಡಿಯುವ ಕಬ್ಬಿಣ ಎಲ್ಲೂ ಇಲ್ಲ. ಎಲ್ಬೋಗಳಿಗೆ ಅಂಟು ಹಾಕುವ ಮೊದಲೇ ಈ ತುಂಡುಗಳನ್ನು ಪೈಪಿಗೆ ಪೋಣಿಸಿರಬೇಕು, ಆಮೇಲೆ ಒಳಗೆ ಹೋಗುವುದಿಲ್ಲ. ಪರದೆ ಎದ್ದು ನಿಲ್ಲಲು ಎರಡೂ ಬದಿಗೆ ನೈಲಾನ್ ಹಗ್ಗ, ನೆಲದ ಹತ್ತಿರದ ಕೊಕ್ಕೆಗೆ. ಹಗಲು ಹಗ್ಗ ಬಿಚ್ಚಿದರೆ ಹೊರಗೋಡೆಯ ಕಡೆಗೆ ಮಡಚಿ ನೇತಾಡುತ್ತದೆ. ಗಾಳಿಗೆ ಬಡಿಯದಂತೆ ಅಲ್ಲಿಯೂ ಒಂದು ಕಟ್ಟು ಬೇಕು.

ಬಟ್ಟೆಯ ಆಯ್ಕೆಗೆ ಹೆಚ್ಚು ಹೊತ್ತು ಹಿಡಿಯಿತು. ಹಸಿರು ನೆರಳುಪರದೆ ಪ್ರಯೋಜನವಿಲ್ಲ, ಎಪ್ಪತ್ತೈದು ಪ್ರತಿಶತದ್ದೂ ಕಾಲು ಭಾಗ ಬೆಳಕನ್ನು ಒಳಗೆ ಬಿಡುತ್ತದೆ. ಪ್ಲಾಸ್ಟಿಕ್ ಟಾರ್ಪಾಲಿನ್ ಗಾಳಿಗೆ ಹಾಯಿಯಾಗಿ ಚೌಕಟ್ಟನ್ನೇ ಎಳೆದೊಯ್ಯುತ್ತದೆ. ಕೊನೆಗೆ ಕಪ್ಪು ಕಾಟನ್ ಬಟ್ಟೆ, ಎರಡು ಪದರ, ಅಲ್ಲಲ್ಲಿ ಗಾಳಿ ನುಸುಳಲು ಮೇಲಿನಿಂದ ಕೆಳಗೆ ಸೀಳಿ ಒಂದರ ಮೇಲೊಂದು ಹಾಯುವಂತೆ ಹೊಲಿದ ಪಟ್ಟಿಗಳು. ಪರೀಕ್ಷೆ ಸುಲಭ. ರಾತ್ರಿ ಗಿಡದ ಹಿಂದೆ ಕೈ ಹಿಡಿದು ನೋಡಿ. ಕೈಯ ನೆರಳು ನೆಲದ ಮೇಲೆ ಗುರುತು ಹತ್ತಿದರೆ ಇನ್ನೊಂದು ಪದರ ಬೇಕು.

ಇಷ್ಟಾದ ಮೇಲೆ ಮೆಟ್ಟಿಲಿನ ಕೋಣೆಯ ಬಲ್ಬೂ ಗಮನಕ್ಕೆ ಬಂತು. ರಾತ್ರಿ ಯಾರಾದರೂ ನೀರಿನ ಮಟ್ಟ ನೋಡಲು ಹೋದರೆ ಅದು ಉರಿಯುತ್ತದೆ. ಅದರ ಮುಖವನ್ನು ಒಳಗೆ ತಿರುಗಿಸಿದೆ. ದೀಪಾವಳಿಯ ಸೀರಿಯಲ್ ಸೆಟ್ ಪ್ಯಾರಪೆಟ್ಟಿನಿಂದ ಇಳಿದು ಕೆಳಗಿನ ಬಾಲ್ಕನಿಗೆ ಹೋಯಿತು, ಮನೆಯಲ್ಲಿ ಸ್ವಲ್ಪ ಗೊಣಗಾಟದ ನಂತರ. ಹಣತೆಗಳಿಗೆ ಆಕ್ಷೇಪವಿರಲಿಲ್ಲ.

ಮೂರು ವಾರ ಕಳೆದ ಮೇಲೆ ಪೂರ್ವದ ಸಾಲಿನ ತುದಿಗಳಲ್ಲಿ ಮೊಗ್ಗಿನ ಗುಂಡಿ ಕಂಡಿತು. ಹೂ ಅರಳಿದ್ದು ಸಂಕ್ರಾಂತಿಯ ಆಸುಪಾಸು. ಪರದೆ ಎದ್ದಂದಿನಿಂದ ಎಣಿಸಿದರೆ ಸೇವಂತಿಗೆಯ ಮಾಮೂಲು ಲೆಕ್ಕವೇ, ಎಂಟರಿಂದ ಹತ್ತು ವಾರ. ಉತ್ತರದ ಸಾಲಿನ ಹೂ ಅಷ್ಟರಲ್ಲಿ ಧನುರ್ಮಾಸದ ಪೂಜೆಗೆ ಹೋಗಿ ಮುಗಿಯುತ್ತಾ ಬಂದಿತ್ತು.

ದೀಪವನ್ನೇ ಕೆಲಸಕ್ಕೆ ಹಚ್ಚುವುದು

ಚಿಕ್ಕಬಳ್ಳಾಪುರದ ಕಡೆ ರಾತ್ರಿ ಪ್ರಯಾಣ ಮಾಡಿದವರು ಹೊಲದ ತುಂಬಾ ಬಲ್ಬು ಉರಿಯುವುದನ್ನು ಕಂಡಿರುತ್ತಾರೆ. ಅದು ಜಾತ್ರೆಯಲ್ಲ, ಸೇವಂತಿಗೆ. ರೈತರು ರಾತ್ರಿ ಬೆಳಕು ಕೊಟ್ಟು ಹೂವನ್ನು ತಡೆದು, ಗಿಡ ಎತ್ತರವಾದ ಮೇಲೆ, ಮಾರುಕಟ್ಟೆಯ ದಿನ ನೋಡಿಕೊಂಡು ದೀಪ ಆರಿಸುತ್ತಾರೆ. ನನಗೆ ಕಂಬದ ದೀಪ ಬಿಟ್ಟಿಯಾಗಿ ಆ ಕೆಲಸ ಮಾಡಿಕೊಡುತ್ತಿದೆ. ವಿದ್ಯುತ್ ಬಿಲ್ಲೂ ಇಲ್ಲ.

ಹಾಗಾಗಿ ಈಗಿನ ಏರ್ಪಾಡು ಬೇರೆ. ಪರದೆ ಎರಡು ತುಂಡು ಇರುವುದು ಇಲ್ಲಿ ಉಪಯೋಗಕ್ಕೆ ಬಂತು. ಪೂರ್ವದ ಸಾಲಿನ ಒಂದು ಅರ್ಧಕ್ಕೆ ಸೆಪ್ಟೆಂಬರ್ ಕೊನೆಯಲ್ಲಿ ಪರದೆ ಏಳುತ್ತದೆ, ಇನ್ನರ್ಧಕ್ಕೆ ನವೆಂಬರ್ ಕೊನೆಯಲ್ಲಿ. ನಡುವೆ ಒಂದು ತಗಡಿನ ಅಡ್ಡ ಹಲಗೆ, ಬೆಳಕು ಪಕ್ಕಕ್ಕೆ ಸೋರದಂತೆ. ಉತ್ತರದ ಸಾಲು ತನ್ನಷ್ಟಕ್ಕೆ ಕಾರ್ತಿಕಕ್ಕೆ ಹೂ ಕೊಡುತ್ತದೆ, ಪೂರ್ವದ ಮೊದಲರ್ಧ ಡಿಸೆಂಬರಿಗೆ, ಎರಡನೆಯದು ಫೆಬ್ರವರಿಗೆ, ಶಿವರಾತ್ರಿಯ ಹತ್ತಿರಕ್ಕೆ. ತಡವಾಗುವ ಅರ್ಧಕ್ಕೆ ಕುಡಿ ಚಿವುಟುವುದನ್ನೂ ಒಂದು ಸುತ್ತು ಹೆಚ್ಚಿಸಬೇಕು, ಇಲ್ಲವಾದರೆ ಗಿಡ ಸೊಂಟ ಮೀರಿ ಬೆಳೆದು ಬೀಳುತ್ತದೆ.

ಫೆಬ್ರವರಿ ದಾಟಿದರೆ ಮಲ್ಲಿಗೆಯ ಪಾಳಿ. ದುಂಡು ಮಲ್ಲಿಗೆಯನ್ನು ನವೆಂಬರ್ ಕೊನೆಗೆ ಮೊಣಕಾಲೆತ್ತರಕ್ಕೆ ಕತ್ತರಿಸಿ, ಅದಕ್ಕೆ ಮುಂಚೆ ಕೆಲ ದಿನ ನೀರು ಕೊಡದೆ ಬಿಟ್ಟು, ಕತ್ತರಿಸಿದ ಮೇಲೆ ಗೊಬ್ಬರ ಕೊಟ್ಟರೆ ಮಾರ್ಚಿನಿಂದ ಮೊಗ್ಗು. ಉಡುಪಿಯ ಶಂಕರಪುರದ ಕಡೆಯವರು ಕಟ್ಟಿದ ಮಲ್ಲಿಗೆಯನ್ನು ಚೆಂಡು, ಅಟ್ಟೆ ಎಂಬ ಅಳತೆಯಲ್ಲಿ ಎಣಿಸುತ್ತಾರೆ, ನಮ್ಮದು ಇನ್ನೂ ಬೊಗಸೆಯ ಲೆಕ್ಕ. ಮಲ್ಲಿಗೆಗೆ ಕಂಬದ ದೀಪ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಹೂ ಮುಗಿದ ಸೇವಂತಿಗೆಯನ್ನು ನೆಲದಿಂದ ನಾಲ್ಕು ಬೆರಳು ಬಿಟ್ಟು ಕತ್ತರಿಸಿ ಆ ಕುಂಡಗಳನ್ನು ಟ್ಯಾಂಕಿನ ಪಕ್ಕಕ್ಕೆ ತಳ್ಳುತ್ತೇನೆ. ಬುಡದಿಂದ ಕಂದು ಏಳುತ್ತವೆ, ಮೇ ತಿಂಗಳ ಬಿಸಿಲಿನವರೆಗೆ ಅವನ್ನು ಉಳಿಸಿಕೊಂಡರೆ ಸಾಕು. ಅದಕ್ಕೂ ಆ ಎರಡು ಚೌಕಟ್ಟುಗಳೇ. ಕಪ್ಪು ಬಟ್ಟೆ ಬಿಚ್ಚಿ ಐವತ್ತು ಪ್ರತಿಶತದ ನೆರಳುಪರದೆ ಕಟ್ಟಿ, ಬಿಜಾಗರಿಯ ಕ್ಲ್ಯಾಂಪು ಬಿಚ್ಚಿ ತೆಗೆದು, ಕಂದುಗಳ ಮೇಲೆ ಅಡ್ಡಲಾಗಿ ಮಲಗಿಸಿದ್ದೇನೆ.